ಪಿಯೋರಿಯಾದಲ್ಲಿ ಕೆಲ್ಸ ಸಿಕ್ಕಿದೆ, ಫ್ಯಾಮಿಲಿ ಕರ್ಕೊಂಡು ಹೋಗ್ಬೋದಾ?

ಬೆಣ್ಣೆದೋಸೆ_ದಾವಣಗೆರೆ:
ಎಲ್ರಿಗೂ ನಮಸ್ಕಾರ. ನಾನೀಗ ನ್ಯೂಜೆರ್ಸಿಲಿದೀನಿ, ಎಚ್1ಬಿ (ಕೆಲಸದ ವೀಸಾ), ಮೆಕ್ಯಾನಿಕಲ್ ಡಿಸೈನ್. ಇಲಿನಾಯ್‌ನ ಪಿಯೋರಿಯಾದಲ್ಲಿ ಒಂದು ಸಪ್ಲೈಯರ್ ಕಂಪನಿಯಿಂದ ಆಫರ್ ಬಂದಿದೆ, ಸಂಬಳ ಸ್ವಲ್ಪ ಕಮ್ಮಿನೇ, ಆದ್ರೆ ಇಲ್ಲಿ ನಾವು ಕೊಡ್ತಿರೋ ಬಾಡಿಗೆ ದುಡ್ಡಲ್ಲಿ ಅಲ್ಲಿ ಮೂರು ಬೆಡ್‌ರೂಮ್ ಮನೆ ಕಂತೇ ಕಟ್ಬೋದು ಅನ್ಸತ್ತೆ. ಹೆಂಡ್ತಿ ಎಚ್4 (ಎಚ್1ಬಿಯವರ ಕುಟುಂಬದ ವೀಸಾ), ಮಗಳಿಗೆ 4 ವರ್ಷ. ಇಂಟರ್‌ವ್ಯೂಗೆ ಹೋದಾಗ ಡೌನ್‌ಟೌನ್‌ನಲ್ಲಿ ಒಂದು ರೌಂಡ್ ಹಾಕ್ದೆ, ಸಂಜೆ ಆರಕ್ಕೇ ನರಪಿಳ್ಳೆ ಇಲ್ಲ, ನದಿ ದಂಡೆ ಮೇಲೆ ಹಳೇ ಇಟ್ಟಿಗೆ ಗೋಡೌನ್‌ಗಳು, ನಮ್ಮೂರಲ್ಲಿ ಕಾಟನ್ ಮಿಲ್ ಮುಚ್ಚಿದ್ಮೇಲೆ ಆ ಕಡೆ ರೋಡ್ ಹೆಂಗಿತ್ತೋ ಥೇಟ್ ಹಂಗೆ. ಒಪ್ಕೊಳ್ಳೋದಾ ಬೇಡ್ವಾ?

ಭದ್ರಾವತಿ_ಕ್ವಾರ್ಟರ್ಸ್:
ಗುರು, ನಾನು 11 ವರ್ಷದಿಂದ ಇಲ್ಲೇ ಇದೀನಿ. ಹುಟ್ಟಿದ್ದು ಭದ್ರಾವತಿ, ಹಂಗಾಗಿ ಒಂದೇ ಫ್ಯಾಕ್ಟರಿ ನಂಬ್ಕೊಂಡಿರೋ ಊರು ಅಂದ್ರೇನು ಅಂತ ನಂಗೆ ಯಾರೂ ಹೇಳ್ಕೊಡೋದು ಬೇಡ. ನೀವು ನೋಡಿದ್ದು ಬರೀ ಒಂದು ಕಂಪನಿ ಕಥೆ ಅಲ್ಲ. ಮೊದ್ಲು ಇದು ವಿಸ್ಕಿ ಊರು, ಹಿರಾಮ್ ವಾಕರ್ ಡಿಸ್ಟಿಲರಿ 1981ರಲ್ಲಿ ಮುಚ್ತು, ಮರುವರ್ಷ ಪಕ್ಕದ ಪಿಯೋರಿಯಾ ಹೈಟ್ಸ್‌ನಲ್ಲಿ ಪ್ಯಾಬ್ಸ್ಟ್ ಬಿಯರ್ ಫ್ಯಾಕ್ಟರಿನೂ ಹೋಯ್ತು, ಅದೇ ಟೈಮಲ್ಲಿ ಬುಲ್ಡೋಜರ್ ಮಾಡೋ ಕ್ಯಾಟರ್‌ಪಿಲ್ಲರ್ (ಕ್ಯಾಟ್) ಕಂಪನಿಲಿ 205 ದಿನ ಸ್ಟ್ರೈಕು. ಆ ಕಾಲ ನೋಡಿರೋ ಮುದುಕರು ನಮ್ಮ ಶಾಪ್‌ಫ್ಲೋರ್‌ನಲ್ಲಿ ಇದ್ರು, ಅದರ ಮಾತೆತ್ತಿದ್ರೆ ಈಗ್ಲೂ ದನಿ ಏರ್ತಿತ್ತು. ಆಮೇಲೆ ಇಲ್ಲಿದ್ದ ಕ್ಯಾಟ್ ಹೆಡ್ ಆಫೀಸ್ ಶಿಕಾಗೋ ಹತ್ರ ಡಿಯರ್‌ಫೀಲ್ಡ್‌ಗೆ ಹೋಗತ್ತೆ ಅಂತ 2017ರಲ್ಲಿ ಹೇಳಿದ್ರು, 2022ರಲ್ಲಿ ಅಲ್ಲಿಂದನೂ ಟೆಕ್ಸಾಸ್‌ನ ಅರ್ವಿಂಗ್‌ಗೆ ಅಂದ್ರು. ಆದ್ರೆ ಈಸ್ಟ್ ಪಿಯೋರಿಯಾದಲ್ಲಿ ಬುಲ್ಡೋಜರ್ ಮಾಡೋದು ನಿಂತಿಲ್ಲ, ಮಾಸ್‌ವಿಲ್‌ನಲ್ಲಿ ಇಂಜಿನ್ ಕೆಲ್ಸನೂ ನಡೀತಿದೆ. ಈಗ ಊರಿಗೆ ದೊಡ್ಡ ಆಸರೆ ಆಸ್ಪತ್ರೆಗಳು. (ಪೆನ್ಸಿಲಿನ್ ರಾಶಿಗಟ್ಲೆ ತಯಾರು ಮಾಡೋಕೆ ದಾರಿ ಮಾಡಿದ ಬೂಷ್ಟು 1943ರಲ್ಲಿ ಸಿಕ್ಕಿದ್ದು ಇದೇ ಊರಿನ ಮಾರ್ಕೆಟ್‌ನ ಕೊಳೆತ ಕರಬೂಜದಲ್ಲಿ, ನೆಂಟರು ಬಂದಾಗ ಹೇಳ್ಕೊಳ್ಳೋಕೆ ನಮಗೂ ಏನಾದ್ರು ಬೇಕಲ್ವಾ.)

ಮನೆ ಅಗ್ಗ, ನಿಜ. ಆದ್ರೆ ಪ್ರಾಪರ್ಟಿ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ, ಇಲಿನಾಯ್‌ನಲ್ಲಿ ಅದು ಕಣ್ಣೀರು ತರಿಸತ್ತೆ. ನಮ್ಮವರು ಜಾಸ್ತಿ ಉತ್ತರದ ಕಡೆ, ಡನ್‌ಲ್ಯಾಪ್ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಇದಾರೆ.

ಬಿಟ್ಟುಬಂದವ:
ಮೇಲಿನವರು ಹೇಳಿದ್ದೆಲ್ಲ ಸರಿ ಆದ್ರೆ ಮುಖ್ಯವಾದ್ದು ಬಿಟ್ಟಿದಾರೆ. ಸರ್, ಊರು ಖಾಲಿ ಇದ್ಯಾ ತುಂಬಿದ್ಯಾ ಅನ್ನೋದಲ್ಲ, ಈ ಕೆಲ್ಸ ಹೋದ್ರೆ ಕಾರಲ್ಲಿ ಹೋಗಿ ಬರೋ ದೂರದಲ್ಲಿ ಎರಡನೇ ಕೆಲ್ಸ ಯಾರು ಕೊಡ್ತಾರೆ ಅಂತ ನೋಡಿ. ನನ್ನ ಲೇಆಫ್ ಆದಾಗ ಮನೆ ತಗೊಂಡು ಎಂಟೇ ತಿಂಗ್ಳು, ಎಚ್1ಬಿಲಿ ಹೊಸ ಕೆಲ್ಸ ಹುಡ್ಕೋಕೆ ಕೈಲಿರೋದು 60 ದಿನ, ನಂಗೆ ಗೊತ್ತಿದ್ದ ಸಪ್ಲೈಯರ್‌ಗಳೆಲ್ಲ ಒಂದೇ ದೊಡ್ಡ ಮರದ ನೆರಳಲ್ಲಿ ಇರೋರು, ಅಲ್ಲಿ ಆರ್ಡರ್ ಕಮ್ಮಿಯಾದ್ರೆ ಎಲ್ರದೂ ಒಟ್ಟಿಗೇ ಹೈರಿಂಗ್ ಬಂದ್. ಕೊನೆಗೆ ಡಲ್ಲಾಸ್‌ಗೆ ಬಂದೆ, ಮನೆ ನಷ್ಟಕ್ಕೆ ಮಾರ್ದೆ. ಮುಕ್ಕಾಲು ಗಂಟೆ ದೂರದ ನಾರ್ಮಲ್ ಅನ್ನೋ ಊರಲ್ಲಿ ಎಲೆಕ್ಟ್ರಿಕ್ ಗಾಡಿ ಮಾಡೋ ರಿವಿಯನ್ ಇದೆ, 2015ರಲ್ಲಿ ಮುಚ್ಚಿದ ಮಿತ್ಸುಬಿಷಿ ಕಾರ್ ಫ್ಯಾಕ್ಟರಿಲೇ ಶುರು ಮಾಡಿದ್ದು, ಆದ್ರೆ ಅದೊಂದನ್ನೇ ನಂಬ್ಕೊಂಡು ಕೂರಬೇಡಿ. ಎರಡು ವರ್ಷ ಬಾಡಿಗೆಗಿರಿ. ಗ್ರೀನ್ ಕಾರ್ಡ್ ಯಾವಾಗ ಶುರು ಮಾಡ್ತಾರೆ ಅಂತ ಸಹಿ ಹಾಕೋ ಮುಂಚೆನೇ ಬರವಣಿಗೆಲಿ ತಗೊಳ್ಳಿ.

ಡನ್‌ಲ್ಯಾಪ್_ಅಮ್ಮ:
ಗಂಡಸ್ರೆಲ್ಲ ಬರೀ ಕಂಪನಿ ಬಗ್ಗೆನೇ ಬರೀತೀರಾ, ಮನೇಲಿರೋರ ಕಥೆ ನಾನು ಹೇಳ್ತೀನಿ. ಮೊದಲನೇ ಚಳಿಗಾಲ ನಂಗೆ ಡ್ರೈವಿಂಗ್ ಬರ್ತಿರ್ಲಿಲ್ಲ, ಡಿಸೆಂಬರಲ್ಲಿ ನಾಲ್ಕೂವರೆಗೇ ಕತ್ಲು, ಇವ್ರು ಬರೋವರ್ಗೂ ಮಗು ನಾನು ಕಿಟಕಿ, ಅಷ್ಟೇ. ಟ್ರೈನ್ ಪಿಯೋರಿಯಾಗೆ ಬರಲ್ಲ, ಹತ್ತಬೇಕಂದ್ರೆ ನಾರ್ಮಲ್‌ಗೆ ಹೋಗ್ಬೇಕು. ಹಾಗಾಗಿ ನಿಮ್ಮವ್ರಿಗೆ ಫಸ್ಟ್ ಲೈಸೆನ್ಸ್ ಮಾಡ್ಸಿ, ಸೋಫಾ ಟೀವಿ ಎಲ್ಲ ಆಮೇಲೆ. ಲೈಸೆನ್ಸ್ ಬಂದ್ಮೇಲೆ ನಂಗೆ ಇದೇ ಊರು ಎಷ್ಟು ಹಿಡಿಸ್ತು ಅಂದ್ರೆ ಈಗ ಬಿಡು ಅಂದ್ರೂ ಬಿಡಲ್ಲ, ಎಲ್ಲಿಗೆ ಹೋದ್ರೂ 20 ನಿಮಿಷ, ದೇವಸ್ಥಾನ ಊರಲ್ಲೇ ಇದೆ, ಯುಗಾದಿಗೆ ನಮ್ಮದೇ ನಾಲ್ಕೈದು ಮನೆ ಸೇರಿ ಒಬ್ಬಟ್ಟು ಮಾಡ್ತೀವಿ. ದೊಡ್ಡ ಕಾರ್ಯಕ್ರಮ ಬೇಕಂದ್ರೆ ಶಿಕಾಗೋಲಿ ವಿದ್ಯಾರಣ್ಯ ಕನ್ನಡ ಕೂಟ ಇದೆ, ಮೂರು ಗಂಟೆ ಡ್ರೈವ್, ಬರ್ತಾ ಅಲ್ಲಿನ ಇಂಡಿಯನ್ ಅಂಗಡಿ ಬೀದಿ ಡೆವಾನ್ ಅವೆನ್ಯೂಲಿ ಸಾಮಾನು ತುಂಬ್ಕೊಂಡು ಬರೋದು.

ಇನ್ನೊಂದು, ಪ್ರತಿ ತಿಂಗ್ಳ ಮೊದಲನೇ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಟಾರ್ನೇಡೋ (ಸುಂಟರಗಾಳಿ) ಎಚ್ಚರಿಕೆ ಸೈರನ್ ಕೂಗತ್ತೆ, ಅದು ಬರೀ ಟೆಸ್ಟು, ಗಾಬರಿಯಾಗಿ ನನ್ ಥರ ಮಗು ಎತ್ಕೊಂಡು ರೋಡಿಗೆ ಓಡಬೇಡಿ. ಬೇರೆ ಟೈಮಲ್ಲಿ ಕೂಗಿದ್ರೆ ಬೇಸ್‌ಮೆಂಟ್‌ಗೆ ಇಳೀರಿ. 2013ರ ನವೆಂಬರಲ್ಲಿ ನದಿ ಆಚೆ ವಾಷಿಂಗ್ಟನ್ ಊರಲ್ಲಿ ಟಾರ್ನೇಡೋ ಬಂದು ಸಾಲುಸಾಲು ಮನೆ ನೆಲಸಮ ಆಗಿತ್ತು. ಬೇಸ್‌ಮೆಂಟ್ ಇಲ್ದಿರೋ ಮನೆ ಬಾಡಿಗೆಗೂ ತಗೋಬೇಡಿ.

ಬೆಣ್ಣೆದೋಸೆ_ದಾವಣಗೆರೆ:
ಎಲ್ರಿಗೂ ಥ್ಯಾಂಕ್ಸ್ ರೀ. ಗ್ರೀನ್ ಕಾರ್ಡ್ ವಿಷ್ಯ ಎಚ್‌ಆರ್‌ಗೆ ಮೇಲ್ ಹಾಕಿದೀನಿ, ಒಂದು ವರ್ಷ ಆದ್ಮೇಲೆ ನೋಡೋಣ ಅಂದ್ರು, ಆರು ತಿಂಗ್ಳಿಗೆ ಅಂತ ಎಳೀತಿದೀನಿ. ಮನೆ ತಗೊಳ್ಳೋದು ಸದ್ಯಕ್ಕೆ ಕ್ಯಾನ್ಸಲ್. ಹೆಂಡ್ತಿ ಡನ್‌ಲ್ಯಾಪ್ ಅಮ್ಮ ಅವ್ರ ಮೆಸೇಜ್ ಎರಡು ಸಲ ಓದಿ ಇವತ್ತೇ ಡ್ರೈವಿಂಗ್ ಕ್ಲಾಸ್ ಬುಕ್ ಮಾಡಿದ್ಲು. ಅವಳದೊಂದು ಪ್ರಶ್ನೆ, ಕುಕ್ಕರ್ ಗ್ಯಾಸ್ಕೆಟ್ ಅಲ್ಲಿ ಸಿಗತ್ತಾ?

ಡನ್‌ಲ್ಯಾಪ್_ಅಮ್ಮ:
ಸೈಜ್ ಸರಿಯಾಗಿರೋದು ಸಿಗಲ್ಲ. ಬರ್ತಾ ಎರಡು ತಗೊಂಬನ್ನಿ, 5 ಲೀಟರ್‌ದು ನಂಗೊಂದು.