ಪಾಸ್ಟರ್ ಹೇಳಿದವರಿಗೇ ಓಟು ಹಾಕಬೇಕಾ?

ಬೀದರ್ ಹುಡುಗ:
ನಮ್ಮದು ಬೀದರ್ ತಾಲ್ಲೂಕಿನ ಒಂದು ಹಳ್ಳಿ. ಅಜ್ಜನ ಕಾಲದಿಂದ ಮೆಥೋಡಿಸ್ಟ್ ಸಭೆಯವರು. 2023ರ ಅಸೆಂಬ್ಲಿ ಎಲೆಕ್ಷನ್‌ಗೆ ಮುಂಚಿನ ಭಾನುವಾರ, ಕಾಣಿಕೆ ತಟ್ಟೆ ಇನ್ನೂ ಹಿಂದಿನ ಸಾಲಿಗೆ ಬಂದಿರಲಿಲ್ಲ, ಒಬ್ಬ ಅಭ್ಯರ್ಥಿಯ ಕಡೆಯವರು ಕೊರಳಲ್ಲಿ ಶಾಲು ಹಾಕಿಕೊಂಡೇ ಒಳಗೆ ಬಂದರು. ಪಾಸ್ಟರ್ ಆ ಬಂದವರ ಕೈಗೆ ಮೈಕ್ ಕೊಟ್ಟರು. ಆಮೇಲೆ ತಾವೇ ಎದ್ದು "ಇವರು ನಮ್ಮ ಸ್ಮಶಾನಕ್ಕೆ ಕಂಪೌಂಡ್ ಕಟ್ಟಿಸಿಕೊಡ್ತಾರೆ, ಎಲ್ಲರೂ ಒಂದೇ ಕಡೆ ಹಾಕಿ, ಒಡೆದು ಹೋದರೆ ದೇವರು ಮೆಚ್ಚೋದಿಲ್ಲ" ಅಂದರು. ನಮ್ಮವ್ವ ಹಾಗೇ ಹಾಕಿದಳು. ನಾನು ಹಾಕಲಿಲ್ಲ. ಈಗ ಮತ್ತೆ ಎಲೆಕ್ಷನ್ ಮಾತು ಶುರುವಾಗಿದೆ. ಪಾಸ್ಟರ್ ಹೀಗೆ ಹೇಳುವುದು ಸರೀನಾ? ಕಂಪೌಂಡ್ ಅಂತೂ ಆಗಿಲ್ಲ, ಹಂದಿಗಳು ಒಳಗೆ ಓಡಾಡುತ್ತಿವೆ.

ತೊಗರಿ ನಾಡು, ಕಲಬುರಗಿ:
ಅದರಲ್ಲಿ ತಪ್ಪೇನ್ರೀ? 2017ರಲ್ಲಿ ನಿಮ್ಮ ಬೀದರಿನಲ್ಲೇ ಲಿಂಗಾಯತ ಪ್ರತ್ಯೇಕ ಧರ್ಮಕ್ಕೆ ಅಷ್ಟು ದೊಡ್ಡ ಸಮಾವೇಶ ಆಯಿತು. ಮರುವರ್ಷ ಎಲೆಕ್ಷನ್ ತುಂಬ ಅದೇ ಮಾತು. ಅವರು ಮಾಡಿದರೆ ಸಂಘಟನೆ, ನಾವು ಮಾಡಿದರೆ ಅಪರಾಧವಾ? ಒಂದು ಊರಿಗೆ ನಮ್ಮವು ನಲವತ್ತು ಐವತ್ತು ಮನೆ. ಚದುರಿ ಹೋದರೆ ಯಾರೂ ಮುಖ ನೋಡುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಎಸ್‌ಸಿ ಪಟ್ಟಿಯಿಂದ ಹೊರಗೆ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ನಾವು ಇನ್ನೂ ಬಾಗಿಲಲ್ಲೇ ನಿಂತಿದ್ದೇವೆ. ಇದನ್ನು ಚರ್ಚ್‌ನಲ್ಲಿ ಮಾತಾಡದೆ ಮತ್ತೆಲ್ಲಿ ಮಾತಾಡಬೇಕು ಹೇಳಿ.

ಕೋರ್ಟ್ ಕಟ್ಟೆ:
ತೊಗರಿ ಅಣ್ಣಾ, ಮೀಸಲಾತಿ ಬಗ್ಗೆ ಮಾತಾಡಿ, ಯಾರೂ ಬೇಡ ಅನ್ನುವುದಿಲ್ಲ. ತಕರಾರು ಇರುವುದು ಆ ಮೈಕ್ ಬಗ್ಗೆ. ಮಂದಿರ, ಮಸೀದಿ, ಚರ್ಚ್ ಯಾವುದನ್ನೂ ಪ್ರಚಾರಕ್ಕೆ ಬಳಸಬಾರದು ಅಂತ ನೀತಿಸಂಹಿತೆಯಲ್ಲೇ ಇದೆ. "ದೇವರು ಮೆಚ್ಚೋದಿಲ್ಲ" ಅನ್ನುವುದು ಅದಕ್ಕಿಂತ ಜಾಸ್ತಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ನೋಡಿ. ದೇವರ ಕೋಪದ ಹೆದರಿಕೆ ಹಾಕಿ ಓಟು ಕೇಳುವುದು ಭ್ರಷ್ಟಾಚಾರದ ಲೆಕ್ಕಕ್ಕೆ ಬರುತ್ತದೆ. ಆದರೆ ಅಭ್ಯರ್ಥಿಯ ಒಪ್ಪಿಗೆ ಇತ್ತು ಅಂತ ತೋರಿಸಬೇಕು, ಕೇಸುಗಳು ಸಾಮಾನ್ಯವಾಗಿ ಬೀಳುವುದೇ ಅಲ್ಲಿ. 1959ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಒಂದು ಬಂದಿತ್ತು. ಪಂಜಾಬಿನ ನಾಮಧಾರಿ ಸಿಖ್ಖರ ಗುರು ಒಬ್ಬ ಅಭ್ಯರ್ಥಿಗೆ ಓಟು ಹಾಕಿ ಅಂತ ಹುಕುಂ ಹೊರಡಿಸಿದ್ದರು. ಗೆದ್ದವನ ಆಯ್ಕೆಯೇ ರದ್ದಾಯಿತು. 2017ರಲ್ಲಿ ಏಳು ಜನ ನ್ಯಾಯಮೂರ್ತಿಗಳ ಪೀಠ 4-3ರಲ್ಲಿ ಇನ್ನೂ ಬಿಗಿ ಮಾಡಿತು: ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಓಟುದಾರನ ಧರ್ಮದ ಹೆಸರಲ್ಲೂ ಓಟು ಕೇಳುವ ಹಾಗಿಲ್ಲ. ಮಠ, ದರ್ಗಾ, ಚರ್ಚ್ ಎಲ್ಲಕ್ಕೂ ಒಂದೇ. ಅಸೆಂಬ್ಲಿ, ಲೋಕಸಭೆ ಎಲೆಕ್ಷನ್ ನಡೆಯುವಾಗ ಚುನಾವಣಾ ಆಯೋಗಕ್ಕೆ ದೂರು ಕೊಡುವ ಸಿವಿಜಿಲ್ ಆ್ಯಪ್‌ನಲ್ಲಿ ವಿಡಿಯೋ ಹಾಕಬಹುದು, ಹೆಸರು ಹೇಳಬೇಕಾಗಿಲ್ಲ.

ಮತ್ತೆ ಆ ಸ್ಮಶಾನದ ಪಹಣಿ ಯಾರ ಹೆಸರಲ್ಲಿದೆ? ಮೊದಲು ಅದನ್ನು ತೆಗೆಸಿ, ಗ್ರಾಮಸಭೆಯಲ್ಲಿ ಅರ್ಜಿ ಕೊಡಿ.

ಡಲ್ಲಾಸ್‌ನಲ್ಲಿರುವ ಕಲಬುರಗಿಯವ:
ಇಲ್ಲಿ ಜಗಳ ತೆರಿಗೆಯದು. ತೆರಿಗೆ ವಿನಾಯಿತಿ ಪಡೆಯುವ ಚರ್ಚ್ ಅಭ್ಯರ್ಥಿ ಪರ ಪ್ರಚಾರ ಮಾಡಬಾರದು ಅಂತ 1954ರಿಂದ ಜಾನ್ಸನ್ ತಿದ್ದುಪಡಿ ಇದೆ. 2025ರ ಜುಲೈನಲ್ಲಿ ತೆರಿಗೆ ಇಲಾಖೆಯೇ ಟೆಕ್ಸಾಸ್ ಕೋರ್ಟಿಗೆ, ಪಾಸ್ಟರ್ ಆರಾಧನೆಯಲ್ಲಿ ತಮ್ಮ ಸಭೆಗೆ ಹೇಳಿಕೊಂಡರೆ ಅದು ಪ್ರಚಾರ ಅಲ್ಲ ಅಂತ ಬರೆದುಕೊಟ್ಟಿತು. ನನಗಂತೂ ಊರಿನ ಕಾನೂನೇ ವಾಸಿ ಅನ್ನಿಸುತ್ತದೆ.

ಸಂಡೇ ಸ್ಕೂಲ್ ಅಕ್ಕ, ಯಾದಗಿರಿ:
ಕಾನೂನು ಇರಲಿ ತಮ್ಮಾ. ಚುನಾವಣೆ ಆದ ಮೇಲೆ ಬೂತ್ ಲೆಕ್ಕ ಬರುತ್ತದೆ, ಫಾರ್ಮ್ 20 ಅಂತಾರೆ, ಯಾವ ಬೂತ್‌ನಲ್ಲಿ ಯಾರಿಗೆ ಎಷ್ಟು ಅಂತ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ನಮ್ಮ ಓಣಿಗೆಲ್ಲ ಒಂದೇ ಬೂತ್. ಪಾಸ್ಟರ್ ಒಬ್ಬರಿಗೆ ಮಾತು ಕೊಟ್ಟರು, ಗೆದ್ದವರು ಇನ್ನೊಬ್ಬರು. ನಳದ ಲೈನ್ ಕೇಳಲು ಹೋದ ಹೆಣ್ಣುಮಕ್ಕಳಿಗೆ ಆ ಕಡೆಯವರು "ನಿಮ್ಮ ಚರ್ಚ್‌ನವರು ಯಾರಿಗೆ ಹಾಕಿದ್ದಾರೆ ಅಂತ ಗೊತ್ತು, ಅವರನ್ನೇ ಕೇಳಿ" ಅಂತ ಮುಖಕ್ಕೇ ಹೇಳಿದರು. ಅದರಲ್ಲಿ ಅರ್ಧ ಜನ ಹಾಕಿದ್ದು ಗೆದ್ದವರಿಗೇ! ಪಾಸ್ಟರ್‌ಗೇನು, ಅವರಿಗೆ ಬೇರೆ ಊರಿಗೆ ವರ್ಗ ಆಯಿತು. ನಾವು ಇಲ್ಲೇ ಇದ್ದೇವಲ್ಲ.

ಬಡವರ ಪರ, ನ್ಯಾಯದ ಪರ ಪ್ರಸಂಗ ಮಾಡಲಿ, ನಾನೇ ಮುಂದೆ ಕೂತು ಕೇಳುತ್ತೇನೆ. ದುಡ್ಡು ತಗೊಂಡು ಓಟು ಹಾಕಬೇಡಿ ಅಂತ ಗಟ್ಟಿಯಾಗಿ ಹೇಳಲಿ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ ನೋಡಿ.

ತೊಗರಿ ನಾಡು, ಕಲಬುರಗಿ:
ಅಕ್ಕಾ, ಬೂತ್ ಲೆಕ್ಕದ ಮಾತು ನಿಜ, ಮೈಕ್ ಬೇಡ ಅನ್ನುವುದಕ್ಕೂ ನನ್ನ ಒಪ್ಪಿಗೆ ಇದೆ. ಒಟ್ಟಾಗಿ ಹಾಕುವುದು ತಪ್ಪು ಅಂತ ಮಾತ್ರ ಒಪ್ಪುವುದಿಲ್ಲ. ಎಲ್ಲ ಪಕ್ಷದವರನ್ನೂ ಒಂದೇ ದಿನ ಸಮುದಾಯ ಭವನಕ್ಕೆ ಕರೆದು ಎದುರೆದುರೇ ಕೇಳೋಣ ಅಂತ ನಮ್ಮ ಕಮಿಟಿಯಲ್ಲಿ ಹೇಳಿದ್ದೆ. ಅಭ್ಯರ್ಥಿಗಳ ಮಾತು ಬಿಡಿ, ಕಮಿಟಿಯವರೇ ಬರುವುದಿಲ್ಲ ಅಂದುಬಿಟ್ಟರು. ಒಬ್ಬೊಬ್ಬರದು ಒಂದೊಂದು ಪಾರ್ಟಿ.