ಹಾಯಿದೋಣಿಯ ಸಹಾಯಕ ಎಂಜಿನ್‌ಗೆ ಯಾವ ಪ್ರೊಪೆಲ್ಲರ್ ಸೂಕ್ತ?

ಪ್ರಶ್ನೆ: ನಮ್ಮ ಹಾಯಿದೋಣಿಯಲ್ಲಿ ಸ್ಥಿರವಾದ ಮೂರು ಅಲಗಿನ ಪ್ರೊಪೆಲ್ಲರ್ ಇದ್ದು, ಎಂಜಿನ್ ನಿಲ್ಲಿಸಿ ಹಾಯಿಯಲ್ಲಿ ಸಾಗುವಾಗ ಅದು ನೀರಿಗೆ ಅಡ್ಡವಾಗಿ ವೇಗವನ್ನು ಕುಗ್ಗಿಸುತ್ತಿದೆ. ಮಡಚುವ ಬಗೆಯದನ್ನು ಹಾಕಿಸಿದರೆ ಹಿಮ್ಮುಖ ಚಲನೆಗೆ ತೊಂದರೆಯಾಗುವುದೇ?

ಉತ್ತರ 1: ಸ್ವಲ್ಪಮಟ್ಟಿಗೆ ಆಗುತ್ತದೆ. ಮಡಚುವ ಅಲಗುಗಳು ತೆರೆದುಕೊಳ್ಳುವುದು ಶಾಫ್ಟ್ ತಿರುಗುವಾಗಿನ ಕೇಂದ್ರಾಪಗಾಮಿ ಬಲದಿಂದ. ರಿವರ್ಸ್ ಹಾಕಿದಾಗ ನೂಕುಬಲವೇ ಅವುಗಳನ್ನು ಮುಚ್ಚುವ ದಿಕ್ಕಿಗೆ ಎಳೆಯುವುದರಿಂದ, ದೋಣಿಯನ್ನು ನಿಲ್ಲಿಸಲು ಎಂಜಿನ್ ವೇಗವನ್ನು ಹೆಚ್ಚಿಸಬೇಕಾಗುತ್ತದೆ. ಇಕ್ಕಟ್ಟಾದ ಧಕ್ಕೆಗಳಲ್ಲಿ ತಂಗುವವರಿಗೆ, ಹಾಯಿಯಲ್ಲಿ ಸಾಗುವಾಗ ಅಲಗುಗಳೇ ನೀರಿನ ಹರಿವಿನ ದಿಕ್ಕಿಗೆ ಹೊರಳಿಕೊಳ್ಳುವ ಫೆದರಿಂಗ್ ಬಗೆಯೇ ಮೇಲೆಂದು ನನ್ನ ಅಭಿಪ್ರಾಯ. ಗ್ರೀಸ್ ತುಂಬುವ ಕೆಲಸವನ್ನು ಮಾತ್ರ ಮರೆಯುವಂತಿಲ್ಲ.

ಉತ್ತರ 2: ಬಗೆಯಷ್ಟೇ ಅಳತೆಯೂ ಮುಖ್ಯ. ಪೂರ್ತಿ ಥ್ರಾಟಲ್ ಕೊಟ್ಟರೂ ಡೀಸೆಲ್ ಎಂಜಿನ್ ತಯಾರಕರು ಸೂಚಿಸಿದ ಆರ್‌ಪಿಎಂ ಮುಟ್ಟದೆ ಕಪ್ಪು ಹೊಗೆ ಕಾರಿದರೆ, ಸಾಮಾನ್ಯವಾಗಿ ಪ್ರೊಪೆಲ್ಲರ್‌ನ ಪಿಚ್ (ಜಾರಿಕೆಯಿಲ್ಲದಿದ್ದರೆ ಒಂದು ಸುತ್ತಿಗೆ ಅದು ಮುಂದೆ ಸಾಗುವ ದೂರ) ಅಥವಾ ವ್ಯಾಸ ಹೆಚ್ಚಾಗಿರುತ್ತದೆ. ಗೇರ್ ಅನುಪಾತವನ್ನು ತಿಳಿಸಿದರೆ ಲೆಕ್ಕ ಹಾಕಬಹುದು.