ಪದ ಬೇಕು: ‘ಡಯಾಗ್ನೋಸ್ಟಿಕ್ಸ್’ಗೆ ಕನ್ನಡ (ನಾಳೆ ಬೆಳಿಗ್ಗೆ ಬೋರ್ಡ್ ಬರೆಸಬೇಕು)

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ನಾಳೆ ಬೆಳಿಗ್ಗೆ ಪೇಂಟರ್ ಬರ್ತಾನೆ. ಬೋರ್ಡಿನಲ್ಲಿ ಒಂದು ಸಾಲು ಬಾಕಿ ಉಳಿದಿದೆ.

ಕೆಲಸ ಇಂಥದ್ದು. ಹಳೆ ಲ್ಯಾಪ್‌ಟಾಪ್ ತರ್ತಾರೆ, ‘ನಡುವೆ ನಡುವೆ ನಿಂತುಬಿಡುತ್ತೆ’ ಅಂತಾರೆ. ನಾನು ಒಳಗಿನ ವಿಂಡೋಸ್ ಮುಟ್ಟೋದಿಲ್ಲ. ಪೆನ್‌ಡ್ರೈವ್ ಹಾಕಿ, ಆನ್ ಆಗುವಾಗಲೇ ಎಫ್12 ಒತ್ತಿ (ಕೆಲವಕ್ಕೆ ಎಫ್9), ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡ್ತೀನಿ, ಅಂದ್ರೆ ಲ್ಯಾಪ್‌ಟಾಪ್ ಅದರಿಂದಲೇ ಶುರು ಆಗೋ ಹಾಗೆ ಮಾಡ್ತೀನಿ. ಮೊದಲು ಮೆಮ್‌ಟೆಸ್ಟ್86+. ಅದು ರ್ಯಾಮ್‌ನ ಒಂದೊಂದು ಜಾಗದಲ್ಲೂ ಏನೋ ಬರೆದು, ವಾಪಸ್ ಓದಿ, ಬರೆದದ್ದೇ ಬಂತಾ ಅಂತ ತಾಳೆ ನೋಡುತ್ತೆ. ಬರದಿದ್ದರೆ ಕೆಂಪು ಸಾಲು. ಆಮೇಲೆ ಅದೇ ಪೆನ್‌ಡ್ರೈವ್‌ನ ಲಿನಕ್ಸ್‌ನಿಂದ ಹಾರ್ಡ್‌ಡಿಸ್ಕಿನ ಸ್ಮಾರ್ಟ್ ಲೆಕ್ಕ ತೆಗೀತೀನಿ. ಎಷ್ಟು ಜಾಗ ಕೆಟ್ಟು ಬದಲಿ ಜಾಗ ಕೊಟ್ಟಿದ್ದೀನಿ ಅಂತ ಡಿಸ್ಕ್ ತಾನೇ ಬರೆದಿಟ್ಟುಕೊಂಡಿರುತ್ತೆ. ಪಟ್ಟಿಯಲ್ಲಿ ಆ ಲೆಕ್ಕ ಇರೋದು 5ನೇ ನಂಬರಿನಲ್ಲಿ. ಅದರ ಮುಂದೆ ಸೊನ್ನೆ ಇದ್ದರೆ ಸದ್ಯಕ್ಕೆ ನೆಮ್ಮದಿ.

ಕಳೆದ ವಾರ ಒಬ್ಬರು ಬಂದಿದ್ದರು. ‘ರಾತ್ರಿಯೆಲ್ಲ ಇಟ್ಕೊಂಡು ಏನೂ ಮಾಡಿಲ್ಲ, ₹150 ಯಾಕೆ?’ ಅಂದರು. ನಾನು ಮಾಡಿದ್ದೇ ನೋಡೋದು. ಅದು ರಿಪೇರಿ ಅಲ್ಲ, ಅದಕ್ಕೆ ಬೇರೆ ದುಡ್ಡು ಅಂತ ಓದಿದ ಕೂಡಲೇ ತಿಳಿಯಬೇಕು. ‘ಟೆಸ್ಟ್’ ಅಂದ್ರೆ ಕಾಲೇಜು ಹುಡುಗರು ಬೇರೆಯೇ ತಿಳ್ಕೋತಾರೆ. ಬೋರ್ಡ್ ನಾಲ್ಕು ಅಡಿ ಅಗಲ ಅಷ್ಟೇ.

ಹಾಗೇ ಗಿರಾಕಿಗೆ ಕೊಡುವ ಚೀಟಿಗೆ ‘ಬ್ಯಾಡ್ ಸೆಕ್ಟರ್’ಗೂ (ಡಿಸ್ಕಿನಲ್ಲಿ ಕೆಟ್ಟ ಜಾಗ) ಒಂದು ಪದ ಬೇಕು. ಅದಕ್ಕೆ ಅವಸರ ಇಲ್ಲ.

*

ಬಳ್ಳಾರಿಯಿಂದ:

ನಿದಾನ. ಆಯುರ್ವೇದದಲ್ಲಿ ರೋಗನಿದಾನ ಅಂತ ಇದ್ದೇ ಇದೆ, ರೋಗ ಏನು ಅಂತ ಗುರುತಿಸೋದು. ಹೊಸದಾಗಿ ಏನೂ ಹುಟ್ಟಿಸಬೇಕಾಗಿಲ್ಲ. ‘ಯಂತ್ರನಿದಾನ’ ಅಂತ ಬರೆಸಿ, ಮುಗಿಯಿತು.

*

ಸಿಂಧನೂರಿನಿಂದ:

ಮುಗಿಯಲಿಲ್ಲ ಸರ್. ‘ಲ್ಯಾಪ್‌ಟಾಪ್ ನಿದಾನ’ ಅಂತ ಓದಿದವನು ‘ಹೌದ್ರೀ, ನಂದೂ ಬಾಳ ನಿಧಾನ’ ಅಂತಲೇ ಒಳಗೆ ಬರ್ತಾನೆ. ದ ಯಾವುದು, ಧ ಯಾವುದು ಅಂತ ಬಾಯಲ್ಲಿ ಯಾರು ನೋಡ್ತಾರೆ? ನಮ್ಮ ಕಡೆ ಕ್ಯಾಂಪಿನಿಂದ (ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಊರು) ಬರುವ ತೆಲುಗಿನವರಿಗಂತೂ ಕೇಳೋದೇ ಬೇಡ. ಅವರು ‘ನಿದಾನಂ’ ಅಂತ ದಕಾರದಲ್ಲೇ ಬರೀತಾರೆ, ಅರ್ಥ ಮಾತ್ರ ಮೆಲ್ಲಗೆ ಅಂತ.

*

ಬಳ್ಳಾರಿಯಿಂದ:

> ದ ಯಾವುದು, ಧ ಯಾವುದು ಅಂತ ಬಾಯಲ್ಲಿ ಯಾರು ನೋಡ್ತಾರೆ?

ಓದು ಬಂದವರು ನೋಡ್ತಾರೆ. ಮಹಾಪ್ರಾಣ ಬಿಟ್ಟುಬಿಡಿ ಅನ್ನುವ ಶಂಕರಬಟ್ಟರ ಕಡೆಯವರು ಇಲ್ಲಿಗೂ ಬಂದ್ರಾ? ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

*

ರಾಯಚೂರಿನಿಂದ:

ನಿದಾನವೂ ಬೇಡ, ತಪಾಸಣೆಯೂ ಬೇಡ. ತಪಾಸಣೆ ಅಂತ ಇನ್ನೂ ಯಾರೂ ಹೇಳಿಲ್ಲ, ಹೇಳುವ ಮೊದಲೇ ಬೇಡ ಅನ್ನುತ್ತಿದ್ದೇನೆ. ಅದು ಮರಾಠಿಯ ‘ತಪಾಸಣೀ’. ತನಿಖೆ ಅರಬ್ಬಿ ಕಡೆಯಿಂದ ಬಂದದ್ದು, ಮೇಲಾಗಿ ಪೊಲೀಸ್ ವಾಸನೆ. ಪರೀಕ್ಷೆ ಸಂಸ್ಕೃತ.

ನಮ್ಮದೇ ‘ಒರೆ’ ಇದೆ. ಅಕ್ಕಸಾಲಿಗ ಚಿನ್ನವನ್ನು ಒರೆಗಲ್ಲಿಗೆ ತಿಕ್ಕುತ್ತಾನೆ. ಕಪ್ಪು ಕಲ್ಲಿನ ಮೇಲೆ ಒಂದು ಹಳದಿ ಗೆರೆ ಬೀಳುತ್ತದೆ. ಅದನ್ನು ನೋಡಿ ಎಷ್ಟು ಬೆರಕೆ ಇದೆ ಅಂತ ಹೇಳುತ್ತಾನೆ. ತಿಕ್ಕಿದ್ದಕ್ಕೆ ಚಿನ್ನ ಸರಿಹೋಗುವುದಿಲ್ಲ, ಹೇಗಿದೆ ಅಂತ ಗೊತ್ತಾಗುತ್ತದೆ. ನೀವು ಕೇಳಿದ ಅರ್ಥ ಇದೇ ಅಲ್ವಾ? ತಮಿಳಿನಲ್ಲೂ ‘ಉರೈ’ ಇದೆ, ಅಂದರೆ ಪದ ಎಷ್ಟು ಹಳೆಯದು ನೋಡಿ. ಹಟ್ಟಿಯಲ್ಲಿ ಚಿನ್ನ ತೆಗೆಯುವ ಜಿಲ್ಲೆಯವರಿಗೇ ಒರೆ ಮರೆತರೆ ಹೇಗೆ? ‘ಒರೆನೋಟ’ ಅಂತ ಬರೆಸಿ.

ಇನ್ನು ‘ಬೂಟ್’. ಅದು ಕಾಲಿಗೆ ಹಾಕುವ ಬೂಟೇ. ಬೂಟಿನ ಹಿಂದಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಅನ್ನುವ ಇಂಗ್ಲಿಷ್ ಮಾತಿನಿಂದ ಬಂತು. ಅದರ ಬದಲು ‘ತಾನೇಳು’ ಅನ್ನಬಹುದು.

*

ಸಿಂಧನೂರಿನಿಂದ:

ಒರೆ ಅಂದ್ರೆ ಕತ್ತಿ ಇಡುವ ಚೀಲವೂ ಹೌದು. ಲ್ಯಾಪ್‌ಟಾಪ್ ಬ್ಯಾಗ್ ಕೇಳೋಕೆ ಬರ್ತಾರೆ. ಸುಮ್ನೆ ‘ಚೆಕ್ ಮಾಡಲಾಗುವುದು’ ಅಂತ ಹಾಕಿ.

*

ರಾಯಚೂರಿನಿಂದ:

ಚೆಕ್ ಇಂಗ್ಲಿಷಿನದೂ ಅಲ್ಲ. ಫ್ರೆಂಚಿನಿಂದ ಅಲ್ಲಿಗೆ ಹೋಯಿತು. ಮೂಲ ಪರ್ಷಿಯನ್ನಿನ ‘ಷಾ’, ಚದುರಂಗದಲ್ಲಿ ರಾಜನಿಗೆ ಅಪಾಯ ಬಂದಾಗ ಕೂಗುವ ಮಾತು. 1520ರಲ್ಲಿ ಕೃಷ್ಣದೇವರಾಯ ಇದೇ ರಾಯಚೂರಿನಲ್ಲಿ ಆದಿಲ್ ಷಾನನ್ನು ಸೋಲಿಸಿ ಓಡಿಸಿದ. ಬೋರ್ಡ್ ಬರೆಸಿ ಷಾನನ್ನು ವಾಪಸ್ ಕರೀತೀರಾ?

*

ಕೊಪ್ಪಳದಿಂದ:

ಸರ್, ನಿಮ್ಮೂರೂ ನಮ್ಮೂರೂ 1948ರ ತನಕ ನಿಜಾಮರ ಕೆಳಗಿದ್ದವು. ನಮ್ಮಜ್ಜ ಜಡ್ಡಾದ್ರೆ ದವಾಖಾನಿಗೆ ಹೋಗ್ತಿದ್ದ, ಮಳೆಗಾಲಕ್ಕೆ ಮುಂಚೆ ಮನಿ ಮರಮ್ಮತ್ತು ಮಾಡಿಸ್ತಿದ್ದ. ಅವನಿಗೆ ಅದೆಲ್ಲ ಕನ್ನಡವೇ. ಹೊರಗಿನ ಮಾತು ಅಂತ ಒಂದೊಂದೇ ಆರಿಸಿ ತೆಗೆದರೆ ಅಜ್ಜನ ಬಾಯಲ್ಲಿ ಬೈಗುಳ ಮಾತ್ರ ಉಳಿಯುತ್ತೆ.

ಒರೆಯ ವಿಷಯ ಚೆನ್ನಾಗಿತ್ತು, ನಿಜವಾಗಲೂ. ಆದರೆ ನನ್ನ ಅಂಗಡಿಯ ಎಡಕ್ಕೆ ಬಂಗಾರದಂಗಡಿ, ಬಲಕ್ಕೆ ಚಪ್ಪಲಿ ಬೂಟಿನಂಗಡಿ. ‘ಒರೆ’ ಅಂದ್ರೂ ಕಷ್ಟ, ‘ಬೂಟ್’ ಅಂದ್ರೂ ಕಷ್ಟ. ದಯವಿಟ್ಟು ಬೋರ್ಡಿಗೆ ಬನ್ನಿ.

*

ರಾಯಚೂರಿನಿಂದ:

ಕೊಪಣನಗರದ ಕನ್ನಡವನ್ನು ಕನ್ನಡದ ತಿರುಳು ಅಂದರು ಹಿಂದಿನವರು. ಆ ಊರಿನಲ್ಲಿ ಕೂತು ಮರಮ್ಮತ್ತಿನ ಪರ ವಾದ. ನಾನಿನ್ನು ಹೇಳುವುದೇನೂ ಇಲ್ಲ.

*

ಕುಷ್ಟಗಿಯಿಂದ:

ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ನಾನು ಅನುವಾದದ ಕೆಲಸ ಮಾಡೋಳು. ನೀವೆಲ್ಲ ಇಂಗ್ಲಿಷಿನಲ್ಲಿ ಹೆಸರುಪದ ಇದೆ ಅಂತ ಕನ್ನಡದಲ್ಲೂ ಹೆಸರುಪದವನ್ನೇ ಹುಡುಕ್ತಿದ್ದೀರಿ. ನಮ್ಮವ್ವ ಡಾಕ್ಟರ ಮುಂದೆ ಕೂತು ‘ನನಗೆ ರೋಗನಿದಾನ ಮಾಡಿ’ ಅನ್ನಲ್ಲ. ‘ಏನಾಗೈತಿ ನೋಡಿ ಹೇಳ್ರಿ’ ಅಂತಾಳೆ. ನೋಡೋದು, ಹೇಳೋದು, ಎರಡೇ. ವಾಸಿ ಮಾಡೋ ಮಾತು ಅದರಲ್ಲಿ ಇಲ್ಲ. ನಾಲ್ಕು ಅಡಿಯಲ್ಲಿ ಕೂರುತ್ತೆ.

*

ಬಳ್ಳಾರಿಯಿಂದ:

ಅದು ಪದ ಅಲ್ಲ, ವಾಕ್ಯ.

*

ಕೊಪ್ಪಳದಿಂದ:

ಪೇಂಟರ್ ಬಂದು ಹೋದ. ಕುಷ್ಟಗಿ ಅಕ್ಕಾರೆ, ನಿಮ್ಮ ಸಾಲನ್ನೇ ಸ್ವಲ್ಪ ಬದಲಿಸಿ ಬರೆಸಿದೆ:

‘ಏನು ಕೆಟ್ಟೈತಿ ನೋಡಿ ಹೇಳ್ತೀವಿ: ₹150. ರಿಪೇರಿ ರೊಕ್ಕ ಬೇರೆ.’

‘ರೊಕ್ಕ ಬೇರೆ’ ಅನ್ನೋದು ಪೇಂಟರ್ ಹೇಳಿದ್ದು. ನಾನು ‘ಶುಲ್ಕ ಪ್ರತ್ಯೇಕ’ ಅಂತ ಬರೆದು ಕೊಟ್ಟಿದ್ದೆ. ಅವನು ಅದನ್ನು ಎರಡು ಸಲ ಓದಿ, ಜಾಗ ಸಾಲಲ್ಲ ಅಂದ. ಜಾಗ ಇತ್ತು.

*

ರಾಯಚೂರಿನಿಂದ:

ಬೋರ್ಡಿನ ಮೇಲೆ ‘ಕೆಟ್ಟೈತಿ’ ಸಲ್ಲದು. ‘ಕೆಟ್ಟಿದೆ’ ಅಂತ ತಿದ್ದಿಸಿ.

*

ಕೊಪ್ಪಳದಿಂದ:

ಬಣ್ಣ ಒಣಗಿದೆ ಸರ್. ಬ್ಯಾಡ್ ಸೆಕ್ಟರ್‌ಗೆ ಏನಾದರೂ ಇದ್ದರೆ ಹೇಳಿ. ಸದ್ಯಕ್ಕೆ ಚೀಟಿಯಲ್ಲಿ ‘ಡಿಸ್ಕಿನಲ್ಲಿ ಹುಳುಕು’ ಅಂತ ಬರೀತಿದ್ದೀನಿ. ಒಬ್ಬರು ಹಲ್ಲಿನ ಡಾಕ್ಟರು ಓದಿ ನಕ್ಕು ಹೋದರು.